ಪರದೆಯ ಮೇಲಿನ ಮೃಗಾಲಯದಲ್ಲಿ ಸುಮ್ಮನಿರಲಾರದ ಪ್ರಾಣಿಗಳು

ಹಸು ಮಲಗಿದಲ್ಲಿಂದ ಏಳುವಾಗ ಮುಂಗಾಲಿನ ಮಂಡಿಗಳ ಮೇಲೆ ಭಾರ ಹಾಕಿ, ಮೊದಲು ಹಿಂಭಾಗವನ್ನು ಮೇಲೆತ್ತಿ, ಆಮೇಲೆ ಒಂದೊಂದಾಗಿ ಮುಂಗಾಲುಗಳನ್ನು ಊರುತ್ತದೆ. ಕುದುರೆಯದು ಇದಕ್ಕೆ ತದ್ವಿರುದ್ಧ. ಅದು ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಎದೆಯನ್ನು ಮೇಲೆತ್ತಿ, ಬಳಿಕ ಹಿಂಗಾಲುಗಳ ಬಲದಿಂದ ಒಮ್ಮೆಲೇ ಎದ್ದು ನಿಲ್ಲುತ್ತದೆ. ಮೆಲುಕು ಹಾಕುವ ಜಿಂಕೆ, ಎರಳೆ, ಕಾಡುಕೋಣಗಳು ಹಸುವಿನ ರೀತಿಯಲ್ಲಿ ಏಳುತ್ತವೆ. ಜೀಬ್ರಾ ಮತ್ತು ಕತ್ತೆಗಳು ಕುದುರೆಯ ರೀತಿಯಲ್ಲಿ. ಮೃಗಾಲಯ ಕಟ್ಟಿ ನಡೆಸುವ ಕಂಪ್ಯೂಟರ್ ಆಟಗಳಲ್ಲಿ ಈ ವ್ಯತ್ಯಾಸ ಅಳಿಸಿಹೋಗಿರುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಜೀಬ್ರಾದ ಪಟ್ಟೆಗಳನ್ನು ಅಷ್ಟು ನಿಗಾವಹಿಸಿ ಬಿಡಿಸಿದ, ಅದರ ಕುತ್ತಿಗೆಯ ಕೂದಲಿಗೆ ಗಾಳಿಯ ಅಲುಗಾಟವನ್ನೂ ಕೊಟ್ಟ ಆಟವೇ, ಅದನ್ನು ನೆಲದಿಂದ ಎಬ್ಬಿಸುವಾಗ ಎರಳೆಯಂತೆ ಎಬ್ಬಿಸಿಬಿಡುತ್ತದೆ. ನೋಡುವವರಲ್ಲಿ ಎಷ್ಟೋ ಮಂದಿಗೆ ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಲು ಬಾರದು, ಆದರೂ ಏನೋ ಸರಿಯಿಲ್ಲ ಎಂದು ಅನ್ನಿಸಿಯೇ ಅನ್ನಿಸುತ್ತದೆ.

ಈ ಬಗೆಯ ಆಟಗಳನ್ನು ನಾನು ಪ್ರೀತಿಯಿಂದ ಆಡುತ್ತ ಬಂದಿದ್ದೇನೆ, ಆದ್ದರಿಂದಲೇ ಅವುಗಳ ಬಗ್ಗೆ ಇಷ್ಟು ವಿವರವಾಗಿ ಬರೆಯಬೇಕೆನಿಸಿದೆ. 2001ರಲ್ಲಿ ಬ್ಲೂ ಫ್ಯಾಂಗ್ ತಯಾರಿಸಿ ಮೈಕ್ರೋಸಾಫ್ಟ್ ಪ್ರಕಟಿಸಿದ ‘ಝೂ ಟೈಕೂನ್’ನಲ್ಲಿ ಪ್ರಾಣಿಗಳು ಓರೆಯಾಗಿ ಮೇಲಿನಿಂದ ಕಾಣುವ ಪುಟ್ಟ ಚಿತ್ರಗಳಾಗಿದ್ದವು, ಅವುಗಳ ಖುಷಿ, ಅಸಮಾಧಾನಗಳನ್ನು ತಲೆಯ ಮೇಲೆ ಮೂಡುವ ನಗುಮೊಗ, ಅಳುಮೊಗಗಳೇ ತಿಳಿಸುತ್ತಿದ್ದವು. 2004ರ ಎರಡನೆಯ ಆವೃತ್ತಿಯಲ್ಲಿ ಅವು ಮೂರು ಆಯಾಮಕ್ಕೆ ಬಂದವು. 2019ರ ನವೆಂಬರಿನಲ್ಲಿ ಫ್ರಾಂಟಿಯರ್ ಸಂಸ್ಥೆಯ ‘ಪ್ಲಾನೆಟ್ ಝೂ’ ಬಂದಾಗ, ಚರ್ಮದ ಕೆಳಗೆ ಸ್ನಾಯು ಜಾರುವುದು, ಒದ್ದೆಯಾದ ತುಪ್ಪಳ ಮೈಗಂಟುವುದು, ಸೊಳ್ಳೆ ಕೂತಲ್ಲಿ ಕಿವಿ ಅದುರುವುದು ಎಲ್ಲವೂ ಪರದೆಯ ಮೇಲೆ ಸಾಧ್ಯ ಎಂಬ ಭಾವನೆ ಮೂಡಿತು. ಎರಡು ದಶಕಗಳಲ್ಲಿ ಪ್ರಾಣಿಯ ಮೈ ನಿಜಕ್ಕೆ ತೀರ ಹತ್ತಿರ ಬಂದಿದೆ. ನಡತೆ ಮಾತ್ರ ಮೊದಲು ಇದ್ದಲ್ಲಿಂದ ಹೆಚ್ಚು ದೂರ ಸಾಗಿಲ್ಲ. ಮೈ ನಿಜವಾದಷ್ಟೂ ನಡತೆಯ ಕೊರತೆ ಹೆಚ್ಚು ಕಣ್ಣಿಗೆ ಚುಚ್ಚುತ್ತದೆ. ತಲೆಯ ಮೇಲೆ ನಗುಮೊಗ ಹೊತ್ತು ತಿರುಗುತ್ತಿದ್ದ ಪುಟ್ಟ ಸಿಂಹದಿಂದ ನಾವು ಹೆಚ್ಚೇನನ್ನೂ ನಿರೀಕ್ಷಿಸುತ್ತಿರಲಿಲ್ಲ. ಒಂದೊಂದು ಮೀಸೆಯ ಕೂದಲೂ ಕಾಣುವ ಸಿಂಹದಿಂದ ಸಿಂಹವನ್ನೇ ನಿರೀಕ್ಷಿಸುತ್ತೇವೆ.

ಚಲನೆಯ ತಪ್ಪುಗಳಲ್ಲಿ ಮೊದಲು ಕಾಣುವುದು ಪಾದ ಜಾರುವುದು. ಪ್ರಾಣಿ ಮುಂದೆ ಸಾಗುವ ವೇಗವನ್ನು ಆಟದ ಒಂದು ಭಾಗ ನಿರ್ಧರಿಸುತ್ತದೆ, ಕಾಲು ಆಡುವ ವೇಗವನ್ನು ಮೊದಲೇ ತಯಾರಿಸಿಟ್ಟ ಅನಿಮೇಷನ್ ನಿರ್ಧರಿಸುತ್ತದೆ; ಎರಡೂ ಹೊಂದದಿದ್ದಾಗ ನೆಲಕ್ಕೆ ಊರಿದ ಪಾದ ಹಿಂದಕ್ಕೋ ಮುಂದಕ್ಕೋ ತೇಲುತ್ತದೆ. ಇಳಿಜಾರಿನಲ್ಲಿ ಪಾದವನ್ನು ನೆಲಕ್ಕೆ ಕೂಡಿಸುವ ಲೆಕ್ಕಾಚಾರ ಈಗಿನ ಆಟಗಳಲ್ಲಿ ಇದೆ, ಅದು ಸಾಕಷ್ಟು ಕೆಲಸವನ್ನೂ ಮಾಡುತ್ತದೆ. ತಿರುಗುವಾಗ ಮಾತ್ರ ಗುಟ್ಟು ಬಯಲಾಗುತ್ತದೆ. ಹುಲಿಯೊಂದು ನಿಂತಲ್ಲೇ ಹಿಂದಿರುಗುವಾಗ ಮೊದಲು ತಲೆ ತಿರುಗುತ್ತದೆ, ಕುತ್ತಿಗೆ ಅದನ್ನು ಹಿಂಬಾಲಿಸುತ್ತದೆ, ಒಂದು ಮುಂಗಾಲು ಇನ್ನೊಂದನ್ನು ದಾಟಿ ಅಡ್ಡಕ್ಕೆ ಬೀಳುತ್ತದೆ, ಭುಜದ ಮೂಳೆ ಚರ್ಮದಡಿಯಲ್ಲಿ ಮೇಲೆದ್ದು ಜಾರುತ್ತದೆ, ಬೆನ್ನು ಬಾಗಿ ಮೈ ಅರ್ಧಚಂದ್ರಾಕಾರ ತಾಳುತ್ತದೆ, ಇಷ್ಟೆಲ್ಲ ಆಗುವವರೆಗೂ ಹಿಂಗಾಲುಗಳು ಇನ್ನೂ ಹಳೆಯ ದಿಕ್ಕಿಗೇ ಮುಖಮಾಡಿರುತ್ತವೆ. ಆಟದ ಹುಲಿ ತಿರುಗುವ ತಟ್ಟೆಯ ಮೇಲಿಟ್ಟ ಬೊಂಬೆಯಂತೆ ಇಡೀ ಮೈಯಾಗಿ ಒಟ್ಟಿಗೆ ತಿರುಗುತ್ತದೆ. ಆ ಒಂದೇ ಒಂದು ಕ್ಷಣದಲ್ಲಿ ಅದಕ್ಕೆ ಬೆನ್ನುಮೂಳೆಯೇ ಇಲ್ಲವೆಂದು ಗೊತ್ತಾಗಿಬಿಡುತ್ತದೆ.

ಪ್ರಾಣಿಗಳ ಓಟವನ್ನು ಮನುಷ್ಯರ ಕಣ್ಣು ತಪ್ಪಾಗಿ ಗ್ರಹಿಸುವುದು ಹೊಸತೇನಲ್ಲ. ನಾಗಾಲೋಟದ ಕುದುರೆಯನ್ನು ಚಿತ್ರಕಾರರು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವಂತೆ ಬಹುಕಾಲ ಬಿಡಿಸುತ್ತಿದ್ದರು. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ತೆಗೆದ ಚಿತ್ರಗಳು, ನಾಲ್ಕೂ ಗೊರಸುಗಳು ನೆಲಬಿಡುವುದು ನಿಜವಾದರೂ ಅದು ಕಾಲುಗಳು ಹೊಟ್ಟೆಯಡಿಗೆ ಮಡಿಚಿಕೊಂಡಾಗ ಎಂದು ತೋರಿಸಿದವು. ಅಂದಿನಿಂದ ಅನಿಮೇಷನ್ ಮಾಡುವವರಿಗೆ ಕುದುರೆಯ ಕಾಲಿನ ಲೆಕ್ಕ ಕೈವಶವಾಗಿದೆ. ತೊಂದರೆ ಬರುವುದು ಅದೇ ಲೆಕ್ಕವನ್ನು ಎಲ್ಲ ನಾಲ್ಕು ಕಾಲಿನ ಜೀವಿಗಳಿಗೂ ಹಚ್ಚಿದಾಗ. ಆನೆ ನಾಗಾಲೋಟ ಓಡುವುದೇ ಇಲ್ಲ. ಏಷ್ಯಾದ ಆನೆಗಳನ್ನು ಅಳೆದು 2003ರಲ್ಲಿ ಜಾನ್ ಹಚಿನ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಸಾಗುವಾಗಲೂ ಆನೆಯ ಮೈ ಪೂರ್ತಿಯಾಗಿ ನೆಲಬಿಟ್ಟು ಏಳುವುದಿಲ್ಲವೆಂದೂ, ಕಾಲುಗಳ ಅನುಕ್ರಮ ನಡಿಗೆಯದ್ದೇ ಆಗಿರುತ್ತದೆಂದೂ ಕಂಡುಬಂತು. ಕಾಂಗರೂ ಮೇಯುತ್ತ ನಿಧಾನವಾಗಿ ಸಾಗುವಾಗ ಬಾಲವನ್ನು ನೆಲಕ್ಕೊತ್ತಿ ಐದನೆಯ ಕಾಲಾಗಿ ಬಳಸುತ್ತದೆ. ಆ ಬಾಲ ಮೈಯನ್ನು ಮುಂದೂಡುವ ಬಲ ಉಳಿದ ನಾಲ್ಕೂ ಕಾಲುಗಳ ಒಟ್ಟು ಬಲದಷ್ಟಿರುತ್ತದೆ ಎಂದು 2014ರಲ್ಲಿ ಅಳೆದು ತೋರಿಸಿದ್ದಾರೆ. ಇಂಥ ಪ್ರಾಣಿಗೆ ಬಾಲವನ್ನು ಬರೀ ಅಲಂಕಾರವಾಗಿ ಅಂಟಿಸಿದರೆ ಅದು ನಡೆಯುವುದನ್ನು ನೋಡುವುದೇ ಕಷ್ಟ.

ಮರಿಗಳ ವಿಷಯಕ್ಕೆ ಬಂದರೆ ತಪ್ಪು ಇನ್ನೂ ಆಳದ್ದು. ಅನೇಕ ಆಟಗಳಲ್ಲಿ ಮರಿಯೆಂದರೆ ಕುಗ್ಗಿಸಿದ ದೊಡ್ಡ ಪ್ರಾಣಿ, ಹೆಚ್ಚೆಂದರೆ ತಲೆಯೊಂದನ್ನು ಸ್ವಲ್ಪ ದೊಡ್ಡದು ಮಾಡಿರುತ್ತಾರೆ. ಆದರೆ ಕಾಲು ತೂಗುವುದು ಲೋಲಕದ ನಿಯಮಕ್ಕೆ ಹತ್ತಿರವಾದದ್ದು. ಕಾಲಿನ ಉದ್ದ ನಾಲ್ಕನೇ ಒಂದು ಭಾಗಕ್ಕೆ ಇಳಿದರೆ ಒಂದು ಹೆಜ್ಜೆಗೆ ಹಿಡಿಯುವ ಸಹಜ ಕಾಲ ಅರ್ಧಕ್ಕೆ ಇಳಿಯುತ್ತದೆ. ಬ್ರಿಟಿಷ್ ಪ್ರಾಣಿವಿಜ್ಞಾನಿ ಮೆಕ್‌ನೀಲ್ ಅಲೆಕ್ಸಾಂಡರ್ 1976ರಲ್ಲಿ ಇದೇ ಬಗೆಯ ಸಂಬಂಧವನ್ನು ಬಳಸಿ, ಕಲ್ಲಾದ ಹೆಜ್ಜೆಗುರುತುಗಳಿಂದಲೇ ಡೈನೋಸಾರ್‌ಗಳ ವೇಗವನ್ನು ಅಂದಾಜು ಮಾಡಿದರು. ತಾಯಿಯ ಪಕ್ಕದಲ್ಲಿ ತಾಯಿಯದೇ ತಾಳದಲ್ಲಿ ಹೆಜ್ಜೆಹಾಕುವ ಮರಿಯಾನೆ ಹಿಂದೆ ಬೀಳಬೇಕು ಅಥವಾ ಅದರ ಪಾದ ಜಾರಬೇಕು, ಬೇರೆ ದಾರಿಯಿಲ್ಲ. ನಿಜವಾದ ಮರಿಯಾನೆ ತಾಯಿಯ ಒಂದು ಹೆಜ್ಜೆಗೆ ಅವಸರದ ಪುಟ್ಟ ಹೆಜ್ಜೆಗಳನ್ನು ಹಾಕುತ್ತ ಸರಿದೂಗಿಸುತ್ತದೆ. ಅದರ ಸೊಂಡಿಲಿನ ಮಾತು ಬೇರೆಯೇ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಅದಕ್ಕೆ ಸೊಂಡಿಲಿನ ಮೇಲೆ ಹತೋಟಿ ಇರುವುದಿಲ್ಲ. ಬೀಸುತ್ತದೆ, ಒದರುತ್ತದೆ, ತಾನೇ ಅದನ್ನು ಮೆಟ್ಟಿಕೊಳ್ಳುತ್ತದೆ, ಹಾಲನ್ನು ಬಾಯಿಂದಲೇ ಕುಡಿಯುತ್ತದೆ. ಹುಟ್ಟಿದ ಕೂಡಲೇ ಹುಲ್ಲಿನ ಕಂತೆಯನ್ನು ಸೊಂಡಿಲಿನಿಂದ ನಾಜೂಕಾಗಿ ಎತ್ತಿ ಬಾಯಿಗಿಡುವ ಮರಿಯನ್ನು ಪರದೆಯ ಮೇಲೆ ನೋಡಿದಾಗ, ಆನೆಯ ಬಾಲ್ಯ ಎಂಬುದನ್ನೇ ಆಟದಿಂದ ಕಿತ್ತುಹಾಕಿದ್ದಾರೆ ಎನ್ನಿಸುತ್ತದೆ.

ಇಷ್ಟು ಹೇಳಿದ ಮೇಲೂ, ಕಾಲು, ಬಾಲ, ಸೊಂಡಿಲುಗಳ ತಪ್ಪುಗಳೇ ಮುಖ್ಯವೆಂದು ನಾನು ತಿಳಿದಿಲ್ಲ. ಅವುಗಳ ಹಿಂದೆ ಒಂದೇ ಕಾರಣವಿದೆ: ಆಟದ ಪ್ರಾಣಿ ಯಾವುದನ್ನೂ ಗಮನಿಸುವುದಿಲ್ಲ. ಮರದಡಿ ಮಲಗಿ ಮೆಲುಕು ಹಾಕುತ್ತಿರುವ ಜಿಂಕೆಯನ್ನು ನೋಡಿ. ದೂರದಲ್ಲಿ ಒಣಕಡ್ಡಿಯೊಂದು ಮುರಿದ ಸದ್ದಾದರೆ ಮೊದಲು ನಿಲ್ಲುವುದು ಅದರ ದವಡೆ. ಬಳಿಕ ಒಂದು ಕಿವಿ ಸದ್ದಿನತ್ತ ಹೊರಳುತ್ತದೆ, ಇನ್ನೊಂದು ಕಿವಿ ಇನ್ನೂ ತನ್ನ ಪಾಡಿಗೆ ಹಿಂದಕ್ಕೇ ಇರುತ್ತದೆ. ಆಮೇಲೆ ಎರಡೂ ಕಿವಿ, ಆಮೇಲೆ ತಲೆ, ಆಮೇಲೆ ಮೂಗಿನ ಹೊಳ್ಳೆ. ಪಕ್ಕದ ಜಿಂಕೆ ಸದ್ದನ್ನು ಕೇಳಿರಲಿಕ್ಕಿಲ್ಲ, ಆದರೆ ಇದು ನೋಡುತ್ತಿರುವುದನ್ನು ಕಂಡು ಅದೂ ಆ ಕಡೆಗೆ ನೋಡುತ್ತದೆ. ಕೊರಳಿನ ಸ್ನಾಯು ಬಿಗಿಯುತ್ತದೆ, ಮುಂಗಾಲಿನ ಮಂಡಿಯ ಮೇಲೆ ಸ್ವಲ್ಪ ಭಾರ ಬೀಳುತ್ತದೆ. ಹೆಚ್ಚಿನ ಸಲ ಇಷ್ಟಕ್ಕೇ ಮುಗಿಯುತ್ತದೆ; ಅಪಾಯವಿಲ್ಲವೆಂದು ಗೊತ್ತಾಗಿ ದವಡೆ ಮತ್ತೆ ಆಡತೊಡಗುತ್ತದೆ. ಎದ್ದು ಓಡುವ ತಯಾರಿ, ಓಡದೇ ಉಳಿಯುವ ನಿರ್ಧಾರ ಎರಡೂ ಆ ಮೈಯಲ್ಲಿ ಕಾಣುತ್ತವೆ. ಆಟದಲ್ಲಿ ಜಿಂಕೆ ಏಳುವುದಕ್ಕೆ ಮೊದಲು ಏನೂ ನಡೆಯುವುದಿಲ್ಲ. ಮಲಗಿದ್ದ ಪ್ರಾಣಿ ಎದ್ದಿತು, ಅಷ್ಟೇ. ಕಾಲಿಗೆ ಮೊದಲು ಆಜ್ಞೆ ಹೋಗುತ್ತದೆ, ಕಣ್ಣು ಕಿವಿಗಳಿಗೆ ಸುದ್ದಿ ತಲುಪುವುದೇ ಇಲ್ಲ.

ಇದಕ್ಕೆ ಕಾರಣ ಆಟದ ಒಳಗಿನ ರಚನೆಯಲ್ಲಿದೆ. 2000ದಲ್ಲಿ ಬಂದ ‘ದಿ ಸಿಮ್ಸ್’ ಆಟ ಜನಪ್ರಿಯಗೊಳಿಸಿದ ಒಂದು ಮಾದರಿಯಲ್ಲಿ, ಪ್ರತಿ ಪಾತ್ರಕ್ಕೂ ಹಸಿವು, ನಿದ್ದೆ, ಒಡನಾಟ ಮುಂತಾದ ಅಗತ್ಯಗಳ ಅಳತೆಪಟ್ಟಿಗಳಿರುತ್ತವೆ, ಸುತ್ತಲಿನ ವಸ್ತುಗಳು ತಾವು ಯಾವ ಅಗತ್ಯವನ್ನು ಎಷ್ಟು ತುಂಬಬಲ್ಲೆವೆಂದು ಸಾರುತ್ತಿರುತ್ತವೆ, ಪಾತ್ರ ಹೆಚ್ಚು ಅಂಕ ಕೊಡುವ ವಸ್ತುವಿನತ್ತ ನಡೆಯುತ್ತದೆ. ಮೃಗಾಲಯದ ಆಟಗಳ ಪ್ರಾಣಿಗಳು ಹೊರಗಿನಿಂದ ನೋಡುವವರಿಗೆ ಇದೇ ಮಾದರಿಯ ಮಕ್ಕಳಂತೆ ಕಾಣುತ್ತವೆ. ಹಸಿವಿನ ಪಟ್ಟಿ ಇಳಿಯಿತು, ಆಹಾರದ ತೊಟ್ಟಿಯತ್ತ ನಡೆ. ಆಟದ ಪಟ್ಟಿ ಇಳಿಯಿತು, ಚೆಂಡಿನತ್ತ ನಡೆ. ನಡುವಿನ ನೆಲ ಬರೀ ದಾಟಬೇಕಾದ ದೂರ. ನಿಜವಾದ ಪ್ರಾಣಿಗೆ ಆ ನಡುವಿನ ನೆಲವೇ ಬದುಕು. ತೋಳ ನೀರಿಗೆ ಹೋಗುವ ದಾರಿಯಲ್ಲಿ ನಿಲ್ಲುತ್ತದೆ, ನಿನ್ನೆ ತಾನೇ ಮೂತ್ರ ಹೊಯ್ದ ಕಲ್ಲನ್ನು ಮೂಸುತ್ತದೆ, ಅಲ್ಲಿ ಇನ್ನೊಂದರ ವಾಸನೆ ಸಿಕ್ಕರೆ ನೀರನ್ನೇ ಮರೆಯುತ್ತದೆ. ಮನಸ್ಸು ಬದಲಾಗುವುದು, ಅರ್ಧಕ್ಕೆ ಬಿಡುವುದು, ಹೊರಟು ಹಿಂದಿರುಗುವುದು ಇವೆಲ್ಲ ಜೀವದ ಲಕ್ಷಣಗಳು. ಪಟ್ಟಿಯ ಲೆಕ್ಕದಲ್ಲಿ ಅವು ಬರೀ ವ್ಯರ್ಥ.

ಕಾಲದ ತೊಡಕು ಇದರ ಜೊತೆಗೆ ಸೇರುತ್ತದೆ. ಇಂಥ ಆಟಗಳಲ್ಲಿ ಎರಡು ಗಡಿಯಾರಗಳು ಒಟ್ಟಿಗೆ ಓಡುತ್ತವೆ. ನಡಿಗೆ, ತಿನ್ನುವುದು, ಕುಡಿಯುವುದು ನಮ್ಮ ಕಣ್ಣೆದುರು ನಿಜವಾದ ವೇಗದಲ್ಲೇ ಕಾಣಬೇಕು. ಬಸಿರು, ಬೆಳವಣಿಗೆ, ಮುಪ್ಪು ಮಾತ್ರ ಒಂದು ಸಂಜೆಯ ಆಟದೊಳಗೆ ಮುಗಿಯಬೇಕು. ಆನೆಯ ಗರ್ಭಾವಧಿ ಸುಮಾರು 22 ತಿಂಗಳು. ಅಷ್ಟು ದೀರ್ಘ ಕಾಲವನ್ನು ನಿಮಿಷಗಳಿಗೆ ಇಳಿಸಿದ ಆಟದಲ್ಲಿ, ಅದೇ ಆನೆ ಹುಲ್ಲು ತಿಂದು ಮುಗಿಸುವಷ್ಟರಲ್ಲಿ ಕ್ಯಾಲೆಂಡರಿನ ವಾರಗಳು ಉರುಳಿರುತ್ತವೆ. ‘ಪ್ಲಾನೆಟ್ ಝೂ’ ಬಂದ ಹೊಸದರಲ್ಲಿ ಪ್ರಾಣಿಗಳು ತೀರ ಬೇಗ ಮುದಿಯಾಗಿ ಸಾಯುತ್ತವೆ ಎಂದು ಆಟಗಾರರು ದೂರಿದ್ದರು. ಮುಪ್ಪಿನ ವೇಗವನ್ನು ತಗ್ಗಿಸಿಕೊಳ್ಳುವ ಆಯ್ಕೆ ಆಮೇಲೆ ಬಂತು. ಅದು ಒಳ್ಳೆಯ ಬದಲಾವಣೆ. ಆದರೆ ಎರಡು ಗಡಿಯಾರಗಳ ನಡುವೆ ಸಿಕ್ಕಿಹಾಕಿಕೊಂಡು ನಾಶವಾದ ಒಂದು ವಸ್ತುವನ್ನು ಯಾವ ಆಯ್ಕೆಯೂ ಹಿಂದಕ್ಕೆ ತಂದಿಲ್ಲ. ಅದು ಪ್ರಾಣಿ ಏನನ್ನೂ ಮಾಡದೆ ಕಳೆಯುವ ಹೊತ್ತು.

ಸಿಂಹ ದಿನದಲ್ಲಿ ಸುಮಾರು 20 ಗಂಟೆಗಳನ್ನು ವಿಶ್ರಾಂತಿಯಲ್ಲೇ ಕಳೆಯುತ್ತದೆ. ದೈತ್ಯ ಪಾಂಡಾ ದಿನಕ್ಕೆ ಹತ್ತು ಗಂಟೆಗೂ ಮಿಕ್ಕಿ ಒಂದೆಡೆ ಕೂತು ಬಿದಿರು ಅಗಿಯುತ್ತದೆ. ಮೊಸಳೆ ಬಾಯಿ ತೆರೆದು ಬಿಸಿಲಿಗೆ ಬಿದ್ದರೆ ಕಲ್ಲೋ ಜೀವವೋ ತಿಳಿಯದಷ್ಟು ಹೊತ್ತು ಹಾಗೇ ಇರುತ್ತದೆ. ಈ ನಿಶ್ಚಲತೆ ಶಕ್ತಿಯ ಲೆಕ್ಕಾಚಾರದ ಫಲ. ಬೇಟೆ ಯಾವಾಗ ಸಿಕ್ಕೀತೋ ತಿಳಿಯದ ಮಾಂಸಾಹಾರಿ, ಪೌಷ್ಟಿಕಾಂಶ ಕಡಿಮೆಯಿರುವ ಬಿದಿರನ್ನೇ ನಂಬಿದ ಪಾಂಡಾ, ಎರಡೂ ಉಳಿತಾಯ ಮಾಡಿಯೇ ಬದುಕಬೇಕು. ಆಟ ತಯಾರಿಸುವವರಿಗೆ ಇದು ನುಂಗಲಾರದ ತುತ್ತು, ಅದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಹಣ ಕೊಟ್ಟು ಕೊಂಡ ಆಟದಲ್ಲಿ ಮಲಗಿದ ಸಿಂಹವನ್ನು ಗಂಟೆಗಟ್ಟಲೆ ಯಾರು ನೋಡುತ್ತಾರೆ ಎಂಬ ಅಂಜಿಕೆಯಿಂದ ಅದನ್ನು ಅರೆಕ್ಷಣವೂ ಸುಮ್ಮನಿರಲು ಬಿಡುವುದಿಲ್ಲ. ಮಲಗುತ್ತದೆ, ಏಳುತ್ತದೆ, ಕೆರೆದುಕೊಳ್ಳುತ್ತದೆ, ನಾಲ್ಕು ಹೆಜ್ಜೆ ಹೋಗುತ್ತದೆ, ಮತ್ತೆ ಮಲಗುತ್ತದೆ. ವಿಶ್ರಾಂತಿಯೂ ಅಲ್ಲಿ ಒಂದು ಪ್ರದರ್ಶನವಾಗಿದೆ. ಪರದೆಯ ಸಿಂಹ ದಣಿವರಿಯದೆ ಚಡಪಡಿಸುವುದನ್ನು ನೋಡಿ ಬೆಳೆದ ಮಗು, ನಿಜವಾದ ಸಿಂಹದ ಎದುರು ನಿಂತಾಗ ಅದಕ್ಕೆ ಮೈ ಸರಿಯಿಲ್ಲವೇನೋ ಎಂದು ಕೇಳಿದರೆ ಮಗುವಿನ ತಪ್ಪೇನಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇದರ ಮುಂದಿನ ಸಂಗತಿ. ಒಂದು ಆಟದಲ್ಲಿ ನಾನು ಹಿಮಕರಡಿಗಾಗಿ ವಿಶಾಲವಾದ ಆವರಣ ಕಟ್ಟಿದ್ದೆ. ಆಳವಾದ ಕೊಳ, ಮಂಜುಗಡ್ಡೆ, ಬಂಡೆ, ಆಟಿಕೆ ಎಲ್ಲವೂ ಇದ್ದವು. ಅದರ ಕ್ಷೇಮದ ಪಟ್ಟಿಗಳೆಲ್ಲ ತುಂಬಿ ಹಸಿರಾಗಿದ್ದವು. ಕರಡಿ ಮಾತ್ರ ಬೇಲಿಯಂಚಿಗೇ ಹೋಗುತ್ತಿತ್ತು, ಒಂದು ಮೂಲೆಯವರೆಗೆ ನಡೆದು ಹಿಂದಿರುಗುತ್ತಿತ್ತು, ಮತ್ತೆ ಅದೇ ಸಾಲಿನಲ್ಲಿ ನಡೆಯುತ್ತಿತ್ತು. ಆಟದ ದೃಷ್ಟಿಯಲ್ಲಿ ಇದು ದಾರಿ ಹುಡುಕುವ ಲೆಕ್ಕಾಚಾರದ ಸಣ್ಣ ತೊಡಕು, ನಡೆಯಬಹುದಾದ ನೆಲದ ಗಡಿ ಅಲ್ಲಿಗೆ ಮುಗಿಯುತ್ತದೆ ಎಂಬುದಷ್ಟೇ. ಮೃಗಾಲಯದಲ್ಲಿ ಕೆಲಸ ಮಾಡುವ ಯಾರಿಗೆ ತೋರಿಸಿದರೂ ಅವರಿಗೆ ಕಾಣುವುದು ಬೇರೆಯೇ. ಒಂದೇ ಜಾಡಿನಲ್ಲಿ ಗುರಿಯಿಲ್ಲದೆ ಓಡಾಡುವುದು, ನಿಂತಲ್ಲೇ ತೂಗಾಡುವುದು, ತಲೆ ಅಲ್ಲಾಡಿಸುತ್ತಲೇ ಇರುವುದು ಬಂಧನದ ಸಂಕಟಕ್ಕೆ ಜೋಡಿಸಿ ನೋಡಲಾಗುವ ಲಕ್ಷಣಗಳು. 2003ರಲ್ಲಿ ರಾಸ್ ಕ್ಲಬ್ ಮತ್ತು ಜಾರ್ಜಿಯಾ ಮೇಸನ್ ಪ್ರಕಟಿಸಿದ ಅಧ್ಯಯನ, ಕಾಡಿನಲ್ಲಿ ವಿಸ್ತಾರವಾದ ಪ್ರದೇಶದಲ್ಲಿ ಅಲೆಯುವ ಮಾಂಸಾಹಾರಿಗಳಲ್ಲೇ ಬಂಧನದಲ್ಲಿ ಈ ಓಡಾಟ ಹೆಚ್ಚು ಎಂದು ತೋರಿಸಿತು, ಹಿಮಕರಡಿ ಅದರ ಎದ್ದುಕಾಣುವ ಉದಾಹರಣೆ. ಅಂದರೆ ನರಳುತ್ತಿರುವ ಪ್ರಾಣಿಯ ಚಿತ್ರವನ್ನೇ ಆಟ ಅರಿಯದೆ ಬಿಡಿಸಿ, ಅದರ ಪಕ್ಕದಲ್ಲಿ ಪೂರ್ಣ ಸಂತೋಷದ ಅಂಕ ಬರೆದಿದೆ. ಪಾದ ಜಾರಿದರೆ ಯಾರಿಗೂ ಕೇಡಿಲ್ಲ. ಇದು ಮಾತ್ರ ನೋಡುವವರ ಕಣ್ಣನ್ನು ತಪ್ಪಾಗಿ ಪಳಗಿಸುತ್ತದೆ.

ಪಟ್ಟಿಗಳ ಲೆಕ್ಕಕ್ಕೆ ಸಿಗದ ಇನ್ನೊಂದು ಅಂಶವೂ ಇಲ್ಲಿದೆ. ಹಳೆಯ ಇಕ್ಕಟ್ಟಾದ ಗೂಡಿನಲ್ಲಿ ಅಂಟಿಕೊಂಡ ಈ ಚಟ ಒಳ್ಳೆಯ ಆವರಣಕ್ಕೆ ಬಂದ ಮೇಲೂ ಉಳಿದುಬಿಡಬಹುದು. ಪ್ರಾಣಿಗೆ ಗತಕಾಲವಿದೆ. ಆಟದ ಪ್ರಾಣಿಗೆ ಇರುವುದು ವರ್ತಮಾನದ ಅಂಕ ಮಾತ್ರ. ಕೊಳ ತೋಡಿಸಿದ ಮರುಕ್ಷಣ ಅದರ ದುಃಖವೆಲ್ಲ ತೊಳೆದುಹೋಗುತ್ತದೆ. ಆಟಿಕೆಗಳದ್ದೂ ಅದೇ ಕಥೆ. ಅದೇ ಚೆಂಡು ಅದೇ ಜಾಗದಲ್ಲಿ ಬಿದ್ದಿದ್ದರೆ ನಿಜವಾದ ಪ್ರಾಣಿಗೆ ಬೇಸರ ಬರುತ್ತದೆ, ಆದ್ದರಿಂದಲೇ ಪಾಲಕರು ವಸ್ತುಗಳನ್ನು ಬದಲಿಸುತ್ತ, ಆಹಾರವನ್ನು ಅಡಗಿಸಿಡುತ್ತ ಇರುತ್ತಾರೆ.

ಪಾಲಕರ ವಿಚಾರವನ್ನೂ ಹೇಳಬೇಕು. ಹೆಚ್ಚಿನ ಆಟಗಳಲ್ಲಿ ಪಾಲಕ ಬಾಗಿಲು ತೆರೆದು ಹುಲಿಯ ಆವರಣದೊಳಕ್ಕೆ ನೇರವಾಗಿ ನಡೆದುಹೋಗುತ್ತಾನೆ, ಸಗಣಿ ಗುಡಿಸುತ್ತಾನೆ, ಮಾಂಸ ಇಟ್ಟು ಬರುತ್ತಾನೆ. ಹುಲಿ ಅವನತ್ತ ಕತ್ತು ಕೂಡ ಎತ್ತುವುದಿಲ್ಲ. ಮೃಗಾಲಯಗಳಲ್ಲಿ ಅಪಾಯಕಾರಿ ಪ್ರಾಣಿಯನ್ನು ಮೊದಲು ಒಳಗೂಡಿಗೆ ಸರಿಸಿ, ಬಾಗಿಲು ಭದ್ರಪಡಿಸಿ, ಆಮೇಲೆ ಆವರಣಕ್ಕೆ ಕಾಲಿಡುತ್ತಾರೆ. ಬರ್ನ್, ಬಾಸೆಲ್, ಜ್ಯೂರಿಕ್ ಮೃಗಾಲಯಗಳನ್ನು ನಡೆಸಿದ ಹೈನಿ ಹೆಡಿಗರ್ (1908–1992), ಪ್ರತಿ ಪ್ರಾಣಿಗೂ ಒಂದು ಪಲಾಯನದ ದೂರವಿದೆ, ಮನುಷ್ಯ ಅದಕ್ಕಿಂತ ಹತ್ತಿರ ಬಂದರೆ ಅದು ಹಿಂದೆ ಸರಿಯುತ್ತದೆ, ಸರಿಯಲು ಜಾಗವಿಲ್ಲದಿದ್ದರೆ ಮೇಲೆ ಬೀಳುತ್ತದೆ ಎಂಬುದನ್ನು ವಿವರವಾಗಿ ತಿಳಿಸಿ ಆವರಣಗಳ ವಿನ್ಯಾಸಕ್ಕೇ ಅದನ್ನು ಆಧಾರವಾಗಿಸಿದರು. ಆ ದೂರ ಪ್ರಾಣಿಯಿಂದ ಪ್ರಾಣಿಗೆ ಬದಲಾಗುತ್ತದೆ, ಪರಿಚಯ ಬೆಳೆದಂತೆ ಕುಗ್ಗುತ್ತದೆ. ಇದನ್ನು ಆಟಕ್ಕೆ ತರಲು ಹೊಸ ತುಪ್ಪಳವಾಗಲಿ ಹೊಸ ಸ್ನಾಯುವಾಗಲಿ ಬೇಕಿಲ್ಲ. ಪ್ರಾಣಿಯ ಸುತ್ತ ಒಂದು ಅಳತೆ, ಅದರೊಳಗೆ ಯಾರಾದರೂ ಬಂದರೆ ತಲೆಯೆತ್ತುವ, ಏಳುವ, ದೂರ ಸರಿಯುವ ಮೂರು ಹಂತ, ಪರಿಚಿತರಿಗೆ ಬೇರೆ ಅಳತೆ, ಇಷ್ಟಿದ್ದರೆ ಸಾಕು. ಅದೊಂದರಿಂದಲೇ ಆವರಣದ ಗಾತ್ರ, ಗಿಡಗಂಟಿಯ ಮರೆ, ವೀಕ್ಷಕರ ದಾರಿ ಎಲ್ಲಕ್ಕೂ ಪ್ರಾಣಿಯ ಕಡೆಯಿಂದ ಅರ್ಥ ಬರುತ್ತದೆ.

ಗುಂಪಿನ ಜೀವನವನ್ನು ಆಟಗಳು ಬಿಡಿಸುವ ರೀತಿಯಲ್ಲಿ ಒಂದು ಹಳೆಯ ಕಲ್ಪನೆ ಇನ್ನೂ ಉಸಿರಾಡುತ್ತಿದೆ. ಗುಂಪಿಗೊಂದು ‘ಆಲ್ಫಾ’, ಅಂದರೆ ಎಲ್ಲಕ್ಕೂ ಮೇಲಿನ ನಾಯಕ, ಇರುತ್ತದೆ, ಅದರ ಪಟ್ಟಕ್ಕಾಗಿ ಗಂಡುಗಳು ಕಾದಾಡುತ್ತವೆ, ಸೋತದ್ದು ತಲೆತಗ್ಗಿಸುತ್ತದೆ ಎಂಬ ಈ ಚಿತ್ರಕ್ಕೆ ಮೂಲ, ಬಾಸೆಲ್ ಮೃಗಾಲಯದ ತೋಳಗಳನ್ನು ಗಮನಿಸಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನ. ಕಾಡಿನ ತೋಳದ ಗುಂಪು ಸಾಮಾನ್ಯವಾಗಿ ತಂದೆ, ತಾಯಿ, ಅವುಗಳ ಮಕ್ಕಳಿರುವ ಒಂದು ಕುಟುಂಬ ಎಂದು ತೋಳಗಳ ಸಂಶೋಧಕ ಡೇವಿಡ್ ಮೀಚ್ 1999ರಲ್ಲಿ ಸ್ಪಷ್ಟವಾಗಿ ಬರೆದರು. ಆಲ್ಫಾ ಎಂಬ ಮಾತನ್ನು ಹಿಂದೆ ಜನಪ್ರಿಯಗೊಳಿಸಿದವರಲ್ಲಿ ಅವರೂ ಒಬ್ಬರು ಎಂಬುದರಿಂದ ಆ ತಿದ್ದುಪಡಿಗೆ ಇನ್ನಷ್ಟು ತೂಕವಿದೆ. ಪರಸ್ಪರ ಸಂಬಂಧವಿಲ್ಲದ ತೋಳಗಳನ್ನು ಒಂದೇ ಬೇಲಿಯೊಳಗೆ ಕೂಡಿಹಾಕಿದರೆ ಜಗಳ, ಮೇಲಾಟ ನಡೆಯುವುದು ನಿಜ. ಹಾಗೆ ನೋಡಿದರೆ ಬೇರೆ ಬೇರೆ ಕಡೆಗಳಿಂದ ತೋಳಗಳನ್ನು ಕೊಂಡು ತಂದು ಕೂಡುವ ಆಟಗಾರನ ಮೃಗಾಲಯದಲ್ಲಿ ಕಾದಾಟ ನಡೆಯುವುದೇ ಸರಿ. ಅಲ್ಲೇ ಹುಟ್ಟಿ ಬೆಳೆದ ಕುಟುಂಬದಲ್ಲೂ ಅದೇ ಕಾದಾಟ ನಡೆಯುವುದು ಸರಿಯಲ್ಲ. ಒಂದೇ ಪ್ರಾಣಿ ಎರಡು ಸಂದರ್ಭಗಳಲ್ಲಿ ಎರಡು ರೀತಿ ನಡೆದುಕೊಳ್ಳುತ್ತದೆ ಎಂದು ಆಟಗಾರನಿಗೆ ಕಾಣಿಸಿದ್ದರೆ, ಪ್ರಾಣಿಯನ್ನು ಎಲ್ಲಿಂದ, ಯಾರೊಡನೆ ತರಬೇಕೆಂಬ ಪ್ರಶ್ನೆಗೆ ಎಷ್ಟೊಂದು ಬೆಲೆ ಬರುತ್ತಿತ್ತು!

ಇದನ್ನೆಲ್ಲ ತಯಾರಕರ ಸೋಮಾರಿತನವೆಂದು ತಳ್ಳಿಹಾಕುವುದು ಅನ್ಯಾಯ. ಮೊದಲ ದಿನವೇ 70ಕ್ಕೂ ಹೆಚ್ಚು ಪ್ರಾಣಿಜಾತಿಗಳಿರುವ ಆಟದಲ್ಲಿ ಗಂಡು, ಹೆಣ್ಣು, ಮರಿ ಎಂದು ಬೇರೆ ಬೇರೆ ಆಕಾರ ಬೇಕು, ಪ್ರತಿಯೊಂದಕ್ಕೂ ನಡಿಗೆ, ಓಟ, ಈಜು, ನಿದ್ದೆ ಬೇಕು. ಹತ್ತಿರದ ಮೈಕಟ್ಟಿನ ಪ್ರಾಣಿಗಳಿಗೆ ಒಂದೇ ಅಸ್ಥಿಪಂಜರವನ್ನು ಹಂಚದೆ ಈ ಕೆಲಸ ಮುಗಿಯುವುದಿಲ್ಲ. ಜೀಬ್ರಾ ಎರಳೆಯಂತೆ ಏಳುವ ತಪ್ಪು ಹುಟ್ಟುವುದು ಇಂಥ ಹಂಚಿಕೆಯಲ್ಲೇ. ಮನುಷ್ಯ ನಟರಿಗೆ ಗುರುತುಗಳಿರುವ ಬಿಗಿಯುಡುಪು ತೊಡಿಸಿ ಚಲನೆಯನ್ನು ದಾಖಲಿಸಬಹುದು, ಘೇಂಡಾಮೃಗಕ್ಕೆ ಅದನ್ನು ತೊಡಿಸುವವರು ಯಾರು? ವಿಡಿಯೊ ನೋಡುತ್ತ ಒಂದೊಂದೇ ಭಂಗಿಯನ್ನು ಕೈಯಿಂದ ರೂಪಿಸಬೇಕು. ನೂರಾರು ಪ್ರಾಣಿಗಳು, ಸಾವಿರಾರು ವೀಕ್ಷಕರು ಒಟ್ಟಿಗೆ ಓಡಾಡುವಾಗ ಪ್ರೊಸೆಸರ್ ಒಂದೊಂದು ಪ್ರಾಣಿಯ ಆಲೋಚನೆಗೆ ಕೊಡಬಹುದಾದ ಹೊತ್ತೂ ತೀರ ಅಲ್ಪ. ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ನಾಯಿಯ ಚಲನೆಯ ದಾಖಲೆಗಳನ್ನು ನರಜಾಲಕ್ಕೆ, ಅಂದರೆ ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ವ್ಯವಸ್ಥೆಗೆ, ಕಲಿಸಿ, ನಡಿಗೆಯಿಂದ ಓಟಕ್ಕೆ, ಓಟದಿಂದ ನಿಲುಗಡೆಗೆ ಸಹಜವಾಗಿ ಹೊರಳುವ ನಾಲ್ಕು ಕಾಲಿನ ಪಾತ್ರವನ್ನು ರೂಪಿಸಿದರು. ಆ ದಾರಿಯಲ್ಲಿ ಪಾದ ಜಾರುವ ತೊಂದರೆ ಕ್ರಮೇಣ ತೀರಬಹುದು. ತಯಾರಕರಿಗೆ ಮನಸ್ಸಿದ್ದಾಗ ಏನು ಸಾಧ್ಯ ಎಂಬುದಕ್ಕೆ ‘ಪ್ಲಾನೆಟ್ ಝೂ’ 2020ರಲ್ಲಿ ಸೇರಿಸಿದ ಆಳನೀರಿನ ಈಜು ಸಾಕ್ಷಿ. ಅಲ್ಲಿಯವರೆಗೆ ಮೇಲ್ಮೈಯಲ್ಲೇ ತೇಲುತ್ತಿದ್ದ ಪ್ರಾಣಿಗಳು ಮುಳುಗಿ, ಹೊರಳಿ, ನೀರೊಳಗೆ ಬೇರೆಯೇ ಮೈ ಪಡೆದವು. ಅದನ್ನು ಗಾಜಿನಾಚೆಯಿಂದ ನೋಡುವುದು ಇವತ್ತಿಗೂ ನನಗೆ ಸಂತೋಷ ಕೊಡುತ್ತದೆ.

ಗಮನಿಸುವ ಪ್ರಾಣಿ ಮಾತ್ರ ತಾನಾಗಿ ಬರುವುದಿಲ್ಲ. ಅದು ಆಟ ತನ್ನ ಆಟಗಾರನಿಂದ ಏನು ಕೇಳುತ್ತದೆ ಎಂಬುದನ್ನು ಅವಲಂಬಿಸಿದೆ. ಈಗಿನ ಆಟಗಳು ಆಟಗಾರನಿಂದ ಕೇಳುವುದು ಪಟ್ಟಿಯನ್ನು ಓದುವುದಷ್ಟೇ. ಪ್ರಾಣಿಯನ್ನು ನೋಡುವ ಅಗತ್ಯವೇ ಬೀಳದಿದ್ದಾಗ ಅದು ನೋಡಲು ತಕ್ಕಂತೆ ಇರಬೇಕೆಂಬ ಒತ್ತಡವೂ ಇರುವುದಿಲ್ಲ. ಪ್ರಾಣಿಗಳ ನಡತೆಯನ್ನು ಅಧ್ಯಯನ ಮಾಡುವವರ ಕ್ರಮ ಬೇರೆ. ನಿಗದಿತ ಅಂತರದಲ್ಲಿ ಪ್ರತಿ ಪ್ರಾಣಿಯನ್ನೂ ನೋಡಿ, ಆ ಕ್ಷಣ ಅದು ಏನು ಮಾಡುತ್ತಿದೆಯೋ ಅದನ್ನು ಬರೆದುಕೊಳ್ಳುವ ವಿಧಾನಗಳನ್ನು ಜೀನ್ ಆಲ್ಟ್‌ಮನ್ 1974ರಲ್ಲಿ ಒಂದೆಡೆ ತಂದು ಪರಿಶೀಲಿಸಿದರು. ಮೃಗಾಲಯಗಳು ಇಂದಿಗೂ ಅವನ್ನೇ ಬಳಸುತ್ತವೆ. ಆಟದಲ್ಲಿ ಹಸಿರು ಪಟ್ಟಿಗಳ ಬದಲು ಇಂಥದೊಂದು ದಾಖಲೆ ಪುಸ್ತಕ ಇರಲಿ. ಕರಡಿ ಬೇಲಿಯಂಚಿನಲ್ಲಿ ಎಷ್ಟು ಹೊತ್ತು ಕಳೆಯಿತು, ಕೊಳದಲ್ಲಿ ಎಷ್ಟು, ಯಾವ ಹೊತ್ತಿನಲ್ಲಿ, ಎಷ್ಟು ಜನ ನಿಂತಿದ್ದಾಗ ಎಂಬುದನ್ನು ಆಟಗಾರನೇ ನೋಡಿ ಬರೆದುಕೊಳ್ಳಲಿ. ಪ್ರಾಣಿಗೆ ವೀಕ್ಷಕರ ಕಣ್ಣಿನಿಂದ ಮರೆಯಾಗುವ ಹಕ್ಕಿರಲಿ, ಅದು ಮರೆಯಾದಾಗ ವೀಕ್ಷಕರು ಗೊಣಗಲಿ, ಆ ಗೊಣಗಾಟವನ್ನು ಮೃಗಾಲಯದ ಆದಾಯದ ಲೆಕ್ಕದಲ್ಲಿ ಹೊರುವ ಹೊಣೆ ಆಟಗಾರನದಾಗಲಿ. ಮೂರು ದಿನ ಸತತವಾಗಿ ‘ಮಲಗಿದೆ’ ಎಂದೇ ಬರೆದಿರುವ ಸಿಂಹ ಬರೀ ಸಿಂಹದಂತೆ ಮಲಗಿದೆಯೋ ಅಥವಾ ಅದರ ಬಳಿಗೆ ವೈದ್ಯರನ್ನು ಕಳಿಸಬೇಕೋ ಎಂಬುದನ್ನು, ಅದರ ಕಿವಿಯನ್ನೂ ಉಸಿರನ್ನೂ ಬಾಲದ ತುದಿಯನ್ನೂ ನೋಡಿ ನಾನೇ ತೀರ್ಮಾನಿಸಬೇಕಾದ ಆಟವೊಂದು ಬಂದರೆ, ಅದನ್ನು ಬಿಡುಗಡೆಯ ದಿನವೇ ಕೊಳ್ಳುತ್ತೇನೆ.